ನಿದ್ರೆ ಬಾರದವರಿಗೆ ಹಾಸಿಗೆಯ ಮಿತಿ

ರಾತ್ರಿ ನಿದ್ರೆ ಬಾರದವನು ಸಾಮಾನ್ಯವಾಗಿ ಮಾಡುವುದೇನು? ಮರುದಿನ ಇನ್ನೂ ಬೇಗನೆ ಹಾಸಿಗೆ ಸೇರುತ್ತಾನೆ, ಬೆಳಿಗ್ಗೆ ತಡವಾಗಿ ಏಳುತ್ತಾನೆ. ಹೆಚ್ಚು ಹೊತ್ತು ಮಲಗಿದರೆ ಹೆಚ್ಚು ನಿದ್ರೆ ಬಂದೀತೆಂಬುದು ಅವನ ಎಣಿಕೆ. ನಿದ್ರಾಹೀನತೆಯ ಚಿಕಿತ್ಸೆಯನ್ನು ಕಲಿಯಹೊರಟ ಮನಶ್ಶಾಸ್ತ್ರದ ವಿದ್ಯಾರ್ಥಿಯು ಮೊದಲು ಕೈಬಿಡಬೇಕಾದುದು ಈ ಎಣಿಕೆಯನ್ನೇ. (ಪರೀಕ್ಷೆಯ ಹಿಂದಿನ ರಾತ್ರಿ ಎಚ್ಚರವಿರುವ ನಮ್ಮ ವಿದ್ಯಾರ್ಥಿಮಿತ್ರರ ಮಾತು ಬೇರೆ, ಅವರಿಗೆ ನಿದ್ರೆ ಬಾರದೆ ಇರುವುದಲ್ಲ, ಅವರು ಅದನ್ನು ಬರಗೊಡುವುದಿಲ್ಲ!)

ಎಚ್ಚರವಿದ್ದಷ್ಟು ಹೊತ್ತು ನಮ್ಮಲ್ಲಿ ನಿದ್ರೆಯ ಒತ್ತಡವು ಏರುತ್ತಾ ಹೋಗುತ್ತದೆ, ಮಲಗಿದಾಗ ಇಳಿಯುತ್ತದೆ. ಇದರೊಡನೆ ದೇಹದೊಳಗಿನ ಗಡಿಯಾರವೊಂದು ಹಗಲಿರುಳುಗಳನ್ನು ಅನುಸರಿಸಿ ನಡೆಯುತ್ತಿರುತ್ತದೆ. ಈ ಎರಡರ ಕೂಟದಿಂದ ನಿದ್ರೆಯು ಉಂಟಾಗುತ್ತದೆಂದು ಅಲೆಕ್ಸಾಂಡರ್ ಬೋರ್ಬೆಲಿ ಎಂಬ ವಿಜ್ಞಾನಿಯು 1982ರಲ್ಲಿ ವಿವರಿಸಿದನು. ಮಧ್ಯಾಹ್ನ ಹೊರಳಾಡಿ ಒಂದಿಷ್ಟು ನಿದ್ದೆ ಕದಿಯುವವನು ರಾತ್ರಿಗಾಗಿ ಕೂಡಬೇಕಾಗಿದ್ದ ಒತ್ತಡವನ್ನೇ ವ್ಯಯಮಾಡುತ್ತಾನೆ.

ಆದುದರಿಂದ ವಿದ್ಯಾರ್ಥಿಯು ರೋಗಿಯಿಂದ ಒಂದೆರಡು ವಾರಗಳ ನಿದ್ರಾದಿನಚರಿಯನ್ನು ಬರೆಸಿ, ಲೆಕ್ಕ ಹಾಕಲು ಕಲಿಯುತ್ತಾನೆ. ಒಬ್ಬನು ರಾತ್ರಿ 10ಕ್ಕೆ ಮಲಗಿ ಬೆಳಿಗ್ಗೆ 6-30ಕ್ಕೆ ಏಳುತ್ತಾನೆನ್ನೋಣ. ಹಾಸಿಗೆಯಲ್ಲಿ ಕಳೆದುದು ಎಂಟೂವರೆ ಗಂಟೆ, ನಿದ್ರಿಸಿದುದು ಐದೂವರೆ. ಯಂತ್ರದ ದಕ್ಷತೆಯನ್ನು ಕಾಣುವಂತೆಯೇ ಇಲ್ಲಿಯೂ ಭಾಗಿಸಿದರೆ ಶೇಕಡಾ 65 ಬರುತ್ತದೆ. ಆರ್ಥರ್ ಸ್ಪೀಲ್‌ಮನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ವಿಧಾನದಂತೆ ಇವನಿಗೆ ಐದೂವರೆ ಗಂಟೆ ಮಾತ್ರ ಹಾಸಿಗೆ: ರಾತ್ರಿ 1ರಿಂದ 6-30ರವರೆಗೆ. ದಕ್ಷತೆಯು ಶೇಕಡಾ 85-90ಕ್ಕೆ ಏರಿದ ಮೇಲೆ ಕಾಲು ಗಂಟೆ ಸೇರಿಸುತ್ತಾ ಹೋಗಬೇಕು. ನಿದ್ರೆ ಬಾರದಿದ್ದರೆ ಎದ್ದುಬಿಡಬೇಕೆಂಬ ನಿಯಮವು ಇನ್ನೂ ಹಳೆಯದು. ರಿಚರ್ಡ್ ಬೂಟ್‌ಜಿನ್ 1972ರಲ್ಲಿ ಸೂಚಿಸಿದುದು.

ಲೆಕ್ಕವೇನೋ ಸುಲಭ. ಆದರೆ ದಣಿದು ಬಂದವನಿಗೆ 'ಇನ್ನೂ ಕಡಿಮೆ ಮಲಗು' ಎಂದು ಹೇಳಿ ಒಪ್ಪಿಸುವುದು ಸುಲಭವಲ್ಲ. ಮೊದಲ ವಾರಗಳಲ್ಲಿ ಹಗಲಿನ ತೂಕಡಿಕೆ ಹೆಚ್ಚುತ್ತದೆ. ಅನೇಕರು ಆಗಲೇ ಚಿಕಿತ್ಸೆಯನ್ನು ತೊರೆಯಬಯಸುತ್ತಾರೆ. ಅವರನ್ನು ಹಿಡಿದು ನಿಲ್ಲಿಸುವ ಜಾಣ್ಮೆಯು ಅನುಭವಿಗಳ ಮೇಲ್ವಿಚಾರಣೆಯಲ್ಲಿ ರೋಗಿಗಳೊಡನೆ ಕುಳಿತಲ್ಲದೆ ಬಾರದೆಂದು ನಮ್ಮ ಅಭಿಪ್ರಾಯ. ಬಹುಕಾಲದ ನಿದ್ರಾಹೀನತೆಗೆ ಗುಳಿಗೆಗಿಂತ ಮೊದಲು ಇಂತಹ ವರ್ತನಾ ಚಿಕಿತ್ಸೆಯನ್ನೇ ಕೊಡಬೇಕೆಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಶಿಫಾರಸು ಮಾಡಿತು. ಆದರೆ ಅದೇ ದೇಶದಲ್ಲಿ ಮನಶ್ಚಿಕಿತ್ಸಕರನ್ನು ತಯಾರಿಸುವ ಶಿಕ್ಷಣಕ್ರಮಗಳ ಪೈಕಿ ನಿದ್ರೆಗೆಂದೇ ಪಾಠವಿಟ್ಟವು ತೀರ ವಿರಳವೆಂದು 2009ರ ಸಮೀಕ್ಷೆಯೊಂದು ತೋರಿಸಿತ್ತು.

ಯಾರಿಗೆ ಈ ಚಿಕಿತ್ಸೆ ಸಲ್ಲದೆಂಬುದನ್ನೂ ವಿದ್ಯಾರ್ಥಿಯು ತಿಳಿದಿರಬೇಕು. ನಿದ್ರೆ ಕಡಿತಗೊಂಡರೆ ಮೂರ್ಛೆರೋಗಿಗೆ ಸೆಳವು ಬರಬಹುದು. ಉನ್ಮಾದ-ಖಿನ್ನತೆಗಳ ನಡುವೆ ತೂಗಾಡುವವರಿಗೆ ಉನ್ಮಾದ ಕೆರಳಬಹುದು. ಲಾರಿ ಓಡಿಸುವವನು ರಸ್ತೆಯಲ್ಲಿಯೇ ತೂಕಡಿಸಬಹುದು. ಗಟ್ಟಿಯಾಗಿ ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ನಿಲ್ಲುವವನನ್ನಂತೂ ದಿನಚರಿಯನ್ನು ಬರೆಸುತ್ತಾ ಕೂರದೆ ವೈದ್ಯರ ಬಳಿಗೆ ಕಳುಹಿಸಬೇಕು.