ವಿಕಲಚೇತನರ ಸರ್ಕಾರಿ ನಿಲಯಗಳ ಪರಿಶೀಲನೆ

ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯ ಸುತ್ತಿನಲ್ಲಿ ಅಂಧರ ಆಶ್ರಯವೆಂದೊಡನೆ ನೆನಪಾಗುವುದು ಗದುಗಿನ ವೀರೇಶ್ವರ ಪುಣ್ಯಾಶ್ರಮ. ಸ್ವತಃ ಅಂಧರಾದ ಪಂಚಾಕ್ಷರಿ ಗವಾಯಿಗಳೂ (1892–1944) ಪುಟ್ಟರಾಜ ಗವಾಯಿಗಳೂ (1914–2010) ಅದನ್ನು ಬೆಳೆಸಿದರು. ಸರ್ಕಾರವೇ ನಡೆಸುವ ನಿಲಯಗಳ ಸ್ಥಿತಿ ಬೇರೆ. ಅದನ್ನು ಇಲ್ಲಿ ವಿವೇಚಿಸುತ್ತೇವೆ.

ಖಾಸಗಿ ಸಂಸ್ಥೆಗಳು ನೋಂದಣಿಪತ್ರ ಪಡೆಯತಕ್ಕದ್ದೆಂದು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 50ನೆಯ ಪ್ರಕರಣವು ವಿಧಿಸುತ್ತದೆ. ತಪ್ಪಿ ನಡೆದರೆ ಅದನ್ನು ರದ್ದುಗೊಳಿಸಲು 52ನೆಯದು ಅವಕಾಶವೀಯುತ್ತದೆ. ಆದರೆ 54ನೆಯ ಪ್ರಕರಣವು ಸರ್ಕಾರಿ ಸಂಸ್ಥೆಗಳನ್ನು ಈ ಕಟ್ಟಳೆಯಿಂದ ಹೊರಗಿಡುತ್ತದೆ. ಸರ್ಕಾರವು ತನಗೆ ತಾನೇ ಪತ್ರ ಕೊಟ್ಟುಕೊಳ್ಳುವುದು ವ್ಯರ್ಥವೆಂಬುದು ಇದರ ತರ್ಕವಿದ್ದೀತು. ಫಲವಾಗಿ, ನಡೆಸುವವನೇ ಪರೀಕ್ಷಕನೂ ಆಗುವ ಸಂಭವವುಂಟು. ರಾಜ್ಯ ಆಯುಕ್ತರು ವಿಚಾರಣೆ ನಡೆಸಬಲ್ಲರು, ನಿಜ. ಆದರೆ ಅವರ ಶಿಫಾರಸನ್ನು ಒಪ್ಪದ ಇಲಾಖೆಯು ಕಾರಣ ತಿಳಿಸಿ ಸುಮ್ಮನಿರಬಹುದು.

ಆದುದರಿಂದಲೇ 2025ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದ ಇಂತಹ ಸರ್ಕಾರಿ ಪಾಲನಾ ನಿಲಯಗಳ ಪರಿಶೀಲನೆಯನ್ನು 8 ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಒಪ್ಪಿಸಿದ್ದು ಗಮನಾರ್ಹ. ಇಲ್ಲಿ ಪರೀಕ್ಷಕನು ಆಡಳಿತದ ಹೊರಗಿನವನು.

ಇತಿಹಾಸದ ಅಭ್ಯಾಸಿಗಳಾದ ನಾವು ಒಂದು ಮಾತನ್ನು ಸೇರಿಸಬಯಸುತ್ತೇವೆ. ಹಾಜರಿ ಪುಸ್ತಕ, ಉಗ್ರಾಣದ ಲೆಕ್ಕ ಇವೆಲ್ಲ ಅಧಿಕಾರಿಯ ಬರಹಗಳು. ನಿಲಯದಲ್ಲಿ ಬಾಳುವವರ ಹೇಳಿಕೆಯು ಅವುಗಳ ಪಕ್ಕದಲ್ಲಿ ದಾಖಲಾಗದಿದ್ದರೆ, ಪರಿಶೀಲನೆಯು ಒಂದೇ ಪಕ್ಷದ ಸಾಕ್ಷ್ಯವನ್ನು ಕೇಳಿದಂತಾಗುವುದು.