ಬಿರುಗಾಳಿಗೆ ಸಿಕ್ಕ ದೋಣಿ ದಡಕ್ಕೇಕೆ ಹೆದರುತ್ತದೆ?

ಕಡಲಲ್ಲಿ ಬಿರುಗಾಳಿ ಎದ್ದರೆ ಸಣ್ಣ ದೋಣಿಯವನು ಏನು ಮಾಡಬೇಕು? ನೆಲದ ಮೇಲಿರುವ ಯಾರನ್ನು ಕೇಳಿದರೂ ‘ಬೇಗ ದಡ ಸೇರಬೇಕು’ ಎಂದೇ ಹೇಳುತ್ತಾರೆ. ಬಂದರು ಹತ್ತಿರವಿದ್ದು, ಗಾಳಿ ಏರುವ ಮೊದಲೇ ಒಳಹೊಗುವಷ್ಟು ಸಮಯವಿದ್ದರೆ ಅದು ಸರಿಯೇ. ಆದರೆ ಗಾಳಿ ದಡದತ್ತ ಬೀಸತೊಡಗಿತೆಂದರೆ ಅನುಭವಸ್ಥ ನಾವಿಕ ದಡಕ್ಕೆ ಬೆನ್ನು ಹಾಕಿ ಆಳ ಕಡಲಿನತ್ತ ಹೊರಡುತ್ತಾನೆ. ಆಳದಲ್ಲಿ ಅಲೆ ಎತ್ತರವಾಗಿದ್ದರೂ ಅದರ ಏರು ಅಗಲವಾಗಿರುತ್ತದೆ; ದೋಣಿ ಬೆಂಡಿನಂತೆ ಹತ್ತಿ ಇಳಿಯುತ್ತದೆ. ಆಳ ಕಡಿಮೆಯಾದಲ್ಲಿ ಅದೇ ಅಲೆ ಗೋಡೆಯಂತೆ ಕಡಿದಾಗಿ ಎದ್ದು, ಮುರಿದು ಬೀಳುತ್ತದೆ. ಅಳಿವೆಯ ಬಾಯಿ ದಾಟುವ ಕಷ್ಟವನ್ನು ನಮ್ಮ ಕರಾವಳಿಯ ಮೀನುಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅವರ ಹಿರಿಯರು ಕಂಡುಕೊಂಡಿದ್ದ ಉಪಾಯ ಇನ್ನೂ ಸರಳ. ಮಳೆಗಾಲದಲ್ಲಿ ಕಡಲಿಗಿಳಿಯದೆ ದೋಣಿಯನ್ನು ಮೇಲೆಳೆದಿಟ್ಟು, ನೂಲಹುಣ್ಣಿಮೆಗೆ ಸಮುದ್ರಪೂಜೆ ಮಾಡಿ ಮತ್ತೆ ಹೊರಡುವುದು. ಬಿರುಗಾಳಿಯನ್ನು ಎದುರಿಸುವ ವಿಧಾನಗಳಲ್ಲಿ ಅದನ್ನು ಭೇಟಿಯಾಗದಿರುವುದೇ ಉತ್ತಮವೆಂಬುದನ್ನು ಇಂದಿನ ನಾವಿಕರೂ ಒಪ್ಪುತ್ತಾರೆ.

ತಪ್ಪಿಸಿಕೊಳ್ಳಬೇಕಾದರೆ ಗಾಳಿಯ ಗುಣ ತಿಳಿದಿರಬೇಕು. ಬಿರುಗಾಳಿ ಹಾವಿನ ಸುರುಳಿಯಂತೆ ಸುತ್ತುತ್ತದೆಂದು ವಿವರಿಸಿ, 1848ರಲ್ಲಿ ಅದಕ್ಕೆ ‘ಸೈಕ್ಲೋನ್’ ಎಂಬ ಹೆಸರು ಕೊಟ್ಟವನು ಕಲಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್. ಉತ್ತರ ಗೋಳಾರ್ಧದಲ್ಲಿ ಗಾಳಿಗೆ ಬೆನ್ನು ಮಾಡಿ ನಿಂತರೆ ಚಂಡಮಾರುತದ ಕೇಂದ್ರ ಹೆಚ್ಚುಕಡಿಮೆ ಎಡಗಡೆ ಇರುತ್ತದೆ. ಅದು ಸಾಗುವ ದಾರಿಯ ಬಲಭಾಗ ಹೆಚ್ಚು ಅಪಾಯಕಾರಿ. ಅಲ್ಲಿ ಸುತ್ತುವ ವೇಗಕ್ಕೆ ಸಾಗುವ ವೇಗವೂ ಸೇರುತ್ತದೆ. ಸಾಲದ್ದಕ್ಕೆ ಗಾಳಿ ದೋಣಿಯನ್ನು ಚಂಡಮಾರುತದ ದಾರಿಗೇ ತಳ್ಳುತ್ತದೆ. ದಕ್ಷಿಣ ಗೋಳಾರ್ಧದಲ್ಲಿ ಎಲ್ಲವೂ ತಿರುಗುಮುರುಗು. ಉಪಗ್ರಹದ ಮುನ್ಸೂಚನೆ ಬಂದಿದ್ದರೂ ಗಂಟೆಗೆ ಐದಾರು ಮೈಲಿ ಹೋಗುವ ಹಾಯಿದೋಣಿ ಎಷ್ಟು ದೂರ ಓಡೀತು?

ಸಿಕ್ಕಿಬಿದ್ದ ಮೇಲೆ ನಿಜವಾದ ಶತ್ರು ಗಾಳಿಯಲ್ಲ, ಪಕ್ಕದಿಂದ ಬಡಿಯುವ ಮುರಿಯುವ ಅಲೆ. ದೋಣಿಯ ಉದ್ದದ ಶೇಕಡ 30ರಷ್ಟು ಎತ್ತರದ ಅಂಥ ಅಲೆ ಅದನ್ನು ಮಗುಚಬಲ್ಲದು. ಶೇಕಡ 60ರಷ್ಟಾದರೆ ಯಾವ ದೋಣಿಯೂ ನಿಲ್ಲದು. ಆದ್ದರಿಂದ ಅಲೆಗೆ ಪಕ್ಕೆ ಕೊಡದಿರುವುದೇ ಎಲ್ಲ ಉಪಾಯಗಳ ಗುರಿ. ಒಂದು, ಹಾಯಿಯನ್ನು ಕಿರಿದು ಮಾಡಿ, ಚುಕ್ಕಾಣಿ ಕಟ್ಟಿ, ದೋಣಿಯನ್ನು ಅಲೆಗೆ ಓರೆಯಾಗಿ ತಡೆದು ನಿಲ್ಲಿಸುವುದು. ಇನ್ನೊಂದು, ಕ್ಯಾನ್ವಾಸಿನ ತೇಲು ಲಂಗರನ್ನು ಮುಂಭಾಗದಿಂದ ಬಿಟ್ಟು ಮೂತಿಯನ್ನು ಅಲೆಗೆ ಎದುರಾಗಿ ಹಿಡಿಯುವುದು. ಗಾಳಿಗೆ ಬೆನ್ನು ಕೊಟ್ಟು ಓಡುವುದು ಮೂರನೆಯದು. ಇದರಲ್ಲಿ ಪರಿಣತರಿಗೇ ಒಮ್ಮತವಿಲ್ಲ. 1968–69ರಲ್ಲಿ ಒಬ್ಬಂಟಿಯಾಗಿ, ಎಲ್ಲೂ ನಿಲ್ಲದೆ ಭೂಪ್ರದಕ್ಷಿಣೆ ಮಾಡಿದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಹಿಂದಿನಿಂದ ಉದ್ದನೆಯ ಹಗ್ಗ ಎಳೆದು ತನ್ನ 32 ಅಡಿಯ ‘ಸುಹೇಲಿ’ಯ ವೇಗ ತಗ್ಗಿಸಿದ. ಫ್ರಾನ್ಸಿನ ಬರ್ನಾರ್ ಮ್ವಾತೆಸಿಯೆ ಅದಕ್ಕೂ ಮೊದಲು ದಕ್ಷಿಣ ಪೆಸಿಫಿಕ್‌ನಲ್ಲಿ ಅಂಥ ಹಗ್ಗಗಳನ್ನೇ ಕಡಿದುಹಾಕಿ, ವೇಗವಾಗಿ ಓಡಿ ಪಾರಾಗಿದ್ದ. ದೋಣಿ ಬೇರೆ, ಅಲೆ ಬೇರೆ, ಇಬ್ಬರೂ ಸರಿಯಿದ್ದಿರಬಹುದು.

ದಡದ ಭಯ ಎಂಥದೆಂಬುದನ್ನು ಶಾಕಲ್‌ಟನ್‌ನ ದೋಣಿಯಿಂದ ತಿಳಿಯಬಹುದು. 1916ರ ಏಪ್ರಿಲ್ 24ರಂದು ಅಂಟಾರ್ಕ್ಟಿಕದ ಎಲಿಫೆಂಟ್ ದ್ವೀಪದಿಂದ ಆರು ಮಂದಿ ಇಪ್ಪತ್ತೆರಡೂವರೆ ಅಡಿಯ ದೋಣಿಯಲ್ಲಿ ಹೊರಟು, 800 ನಾಟಿಕಲ್ ಮೈಲಿ ದೂರದ ದಕ್ಷಿಣ ಜಾರ್ಜಿಯ ದ್ವೀಪವನ್ನು ಮೇ 8ರಂದು ಕಂಡರು. ಕುಡಿಯುವ ನೀರು ಮುಗಿಯುತ್ತ ಬಂದಿತ್ತು, ನಾಲಗೆ ಒಣಗಿತ್ತು. ಆದರೂ ಇಳಿಯಲಾಗಲಿಲ್ಲ. ಮರುದಿನ ಎದ್ದ ಚಂಡಮಾರುತ ದೋಣಿಯನ್ನು ಬಂಡೆಗಳತ್ತ ದೂಡುತ್ತಿದ್ದಾಗ, ಎರಡು ವಾರ ಹಂಬಲಿಸಿದ್ದ ನೆಲದಿಂದಲೇ ದೂರ ಸರಿಯಲು ಅವರು ಹೆಣಗಬೇಕಾಯಿತು. ಇಳಿದದ್ದು ಮೇ 10ರಂದು.

ಇನ್ನೊಂದು ತಪ್ಪು, ದೋಣಿಯ ಮೇಲೆ ಬೇಗ ನಂಬಿಕೆ ಕಳೆದುಕೊಳ್ಳುವುದು. 1979ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನಿಂದ ಹೊರಟ ಫಾಸ್ಟ್‌ನೆಟ್ ಪಂದ್ಯದ 303 ದೋಣಿಗಳು ಬಿರುಗಾಳಿಗೆ ಸಿಕ್ಕಿದವು. ಹದಿನೈದು ನಾವಿಕರು ಸತ್ತರು. ಇಪ್ಪತ್ತನಾಲ್ಕು ದೋಣಿಗಳನ್ನು ಬಿಟ್ಟು ಬಂದಿದ್ದರು. ಅವುಗಳಲ್ಲಿ ಮುಳುಗಿದ್ದು ಐದು ಮಾತ್ರ. ಉಳಿದವು ತೇಲುತ್ತಲೇ ಸಿಕ್ಕವು. ರಬ್ಬರು ತೆಪ್ಪಕ್ಕೆ ಕಾಲಿಡುವುದಾದರೆ ಮುಳುಗುವ ದೋಣಿಯಿಂದ ಮೇಲಕ್ಕೆ ಹತ್ತುವಂತಿರಬೇಕು ಎಂಬುದು ನಾವಿಕರ ಗಟ್ಟಿ ನಿಯಮ.

2018ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಭಾರತೀಯ ನೌಕಾಪಡೆಯ ಅಭಿಲಾಷ್ ಟಾಮಿಯವರ ‘ತುರಿಯ’ ಬುಡಮೇಲಾಗಿ ಕೂವೆಮರ ಮುರಿಯಿತು. ಅದು ‘ಸುಹೇಲಿ’ಯ ಮಾದರಿಯಲ್ಲೇ ಕಟ್ಟಿದ ದೋಣಿ. ಬೆನ್ನುಮೂಳೆಗೆ ಪೆಟ್ಟಾಗಿ ನಡೆಯಲಾರದ ಅವರು ದೋಣಿಯೊಳಗೇ ಮಲಗಿ ಮೂರು ದಿನ ಕಾದರು. ಫ್ರಾನ್ಸಿನ ಹಡಗು ಬಂದು ಕರೆದೊಯ್ದಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು 2022ರಲ್ಲಿ ಅದೇ ಪಂದ್ಯಕ್ಕೆ ಮತ್ತೆ ಹೊರಟ ಟಾಮಿ, 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ದಡ ಸೇರಿದರು.