ಹಂಚಿಕೆಯ ಮೇಲ್ ಸರ್ವರಿನಲ್ಲಿ ಸ್ಪ್ಯಾಮ್ ಸೋಸುವಿಕೆ: ಪ್ರತಿ ಸಂಸ್ಥೆಗೂ ಪ್ರತ್ಯೇಕ ಖಾತೆ ಏಕೆ ಬೇಕು?

ನಿಪ್ಪಾಣಿಯ ತಂಬಾಕು ವ್ಯಾಪಾರಿಗಳಾದ ನನ್ನ ಕಕ್ಷಿದಾರರೊಬ್ಬರಿಗೆ ಜಿಎಸ್‌ಟಿ ರಿಟರ್ನುಗಳಲ್ಲಿನ ವ್ಯತ್ಯಾಸದ ಬಗ್ಗೆ ವಿವರಣೆ ಕೇಳುವ ಎಎಸ್‌ಎಂಟಿ-10 ನೋಟೀಸು ಇ-ಮೇಲ್ ಮೂಲಕ ಬಂದಿತ್ತು. ಉತ್ತರಿಸಲು ಇದ್ದ ಅವಧಿ 30 ದಿನಗಳು. ಅವರು ಅದನ್ನು ಕಂಡದ್ದು 41ನೆಯ ದಿನ, ಅದೂ ಸ್ಪ್ಯಾಮ್ ಪೆಟ್ಟಿಗೆಯಲ್ಲಿ, ಲಾಟರಿ ಬಹುಮಾನ ಮತ್ತು ಕೂದಲು ಬೆಳೆಸುವ ಎಣ್ಣೆಯ ಜಾಹೀರಾತುಗಳ ನಡುವೆ. ವ್ಯತ್ಯಾಸವೇನೋ ಅಲ್ಪವಾದದ್ದೇ, ಒಂದೇ ಬಿಲ್ಲು ಎರಡು ತಿಂಗಳುಗಳಲ್ಲಿ ನಮೂದಾಗಿತ್ತು. ಒಂದು ಪುಟದ ಉತ್ತರದಲ್ಲಿ ಮುಗಿಯಬೇಕಾಗಿದ್ದ ಸಂಗತಿ ತೆರಿಗೆ ಬೇಡಿಕೆಯ ನೋಟೀಸಿನವರೆಗೆ ಬೆಳೆಯಿತು. ಅದನ್ನು ಬಗೆಹರಿಸಲು ಅವರೂ ನಾನೂ ಹಲವು ಬಾರಿ ಕಚೇರಿಯ ಮೆಟ್ಟಿಲು ಹತ್ತಬೇಕಾಯಿತು.

‘ಇ-ಮೇಲ್ ನೋಡಲೇ ಇಲ್ಲ’ ಎಂಬ ಸಬೂಬು ಕಾನೂನಿನ ಮುಂದೆ ಹೆಚ್ಚು ನಿಲ್ಲುವಂಥದ್ದಲ್ಲ. ಕೇಂದ್ರ ಜಿಎಸ್‌ಟಿ ಅಧಿನಿಯಮ, 2017ರ 169ನೆಯ ಕಲಮಿನ ಪ್ರಕಾರ, ನೋಂದಣಿಯ ವೇಳೆ ನಾವೇ ಕೊಟ್ಟ ಇ-ಮೇಲ್ ವಿಳಾಸಕ್ಕೆ ಕಳುಹಿಸುವುದು ನೋಟೀಸು ಜಾರಿಯ ಅಂಗೀಕೃತ ವಿಧಾನಗಳಲ್ಲೊಂದು. ಪೋರ್ಟಲಿನಲ್ಲಿ ಲಭ್ಯವಾಗಿಸುವುದು ಇನ್ನೊಂದು. ಪತ್ರ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದಿತೋ ಇನ್‌ಬಾಕ್ಸಿಗೆ ಬಿದ್ದಿತೋ ಎಂಬುದು ನಮ್ಮ ಮನೆಯೊಳಗಿನ ಮಾತು. ಆದ್ದರಿಂದಲೇ, ಕಂಪ್ಯೂಟರ್ ತಂತ್ರಜ್ಞರು ಬರೆಯಬೇಕಾದ ವಿಷಯದ ಬಗ್ಗೆ ಲೆಕ್ಕಪರಿಶೋಧಕನಾದ ನಾನು ಲೇಖನಿ ಹಿಡಿದಿದ್ದೇನೆ.

ನಮ್ಮ ಭಾಗದ ಅನೇಕ ಸಂಸ್ಥೆಗಳು ಈಗ ತಮ್ಮದೇ ಹೆಸರಿನ ಡೊಮೇನ್ ಹೊಂದಿವೆ. ಆದರೆ ಸರ್ವರ್ ಮಾತ್ರ ಸ್ವಂತದ್ದಲ್ಲ. ವಾರ್ಷಿಕ ಬಾಡಿಗೆಯ ಮೇಲೆ ಪಡೆದ ಒಂದೇ ಯಂತ್ರದಲ್ಲಿ ಅಥಣಿಯ ಚಪ್ಪಲಿ ತಯಾರಕರು, ರಾಯಬಾಗದ ಬೆಲ್ಲದ ವ್ಯಾಪಾರಿಗಳು, ಚಿಕ್ಕೋಡಿಯ ಯಂತ್ರಭಾಗಗಳ ಮಾರಾಟಗಾರರು, ಕಾಗವಾಡದ ಗೊಬ್ಬರದ ಅಂಗಡಿಯವರು ಎಲ್ಲರ ಅಂಚೆಯೂ ಸಂಗ್ರಹವಾಗಿರಬಹುದು. ಇಂಥ ಸರ್ವರುಗಳಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವ ಜರಡಿಯೆಂದರೆ ‘ಸ್ಪ್ಯಾಮ್ ಅಸ್ಯಾಸಿನ್’. 2001ರಲ್ಲಿ ಜಸ್ಟಿನ್ ಮೇಸನ್ ಎಂಬವರು ಆರಂಭಿಸಿದ ಈ ತಂತ್ರಾಂಶ ಈಗ ಅಪಾಚೆ ಪ್ರತಿಷ್ಠಾನದ ಆಶ್ರಯದಲ್ಲಿದೆ. ಅದಕ್ಕೆ ಪರವಾನಗಿ ಶುಲ್ಕವಿಲ್ಲ.

ಈ ಜರಡಿ ಪ್ರತಿಯೊಂದು ಪತ್ರಕ್ಕೂ ಅಂಕ ಹಾಕುತ್ತದೆ. ಕಳುಹಿಸಿದ ಸರ್ವರ್ ಕುಖ್ಯಾತರ ಪಟ್ಟಿಯಲ್ಲಿದ್ದರೆ ಕೆಲವು ಅಂಕ, ಶೀರ್ಷಿಕೆ ಸಂಶಯಾಸ್ಪದವಾಗಿದ್ದರೆ ಕೆಲವು. ಒಟ್ಟು 5 ತಲುಪಿದರೆ ಪತ್ರ ಸ್ಪ್ಯಾಮ್ ಎಂಬ ಮುದ್ರೆ ಪಡೆಯುತ್ತದೆ. 5 ಎಂಬುದು ತಂತ್ರಾಂಶದೊಂದಿಗೆ ಬರುವ ಮೂಲ ಮಿತಿಯಾಗಿದ್ದು, ಅದನ್ನು ಬದಲಾಯಿಸಿಕೊಳ್ಳಬಹುದು.

ಇದಲ್ಲದೆ ‘ಬೇಯ್ಸ್’ ಎಂಬ ಕಲಿಕೆಯ ವಿಭಾಗವೊಂದುಂಟು. 2002ರಲ್ಲಿ ಪಾಲ್ ಗ್ರಹಾಂ ಅವರು ಬರೆದ ಪ್ರಬಂಧದಿಂದ ಜನಪ್ರಿಯವಾದ ಈ ವಿಧಾನ ವ್ಯಾಪಾರಸ್ಥರಿಗೆ ಸುಲಭವಾಗಿ ಅರ್ಥವಾಗುವಂಥದ್ದು. ಇದು ಖಾತೆ ಪುಸ್ತಕವೇ ಸರಿ. ಪ್ರತಿಯೊಂದು ಪದಕ್ಕೂ ಒಂದು ಖಾತೆ. ಆ ಪದ ಎಷ್ಟು ಸ್ಪ್ಯಾಮ್ ಪತ್ರಗಳಲ್ಲಿ ಬಂದಿತು ಎಂಬುದು ಒಂದು ಬದಿಗೆ, ಎಷ್ಟು ಒಳ್ಳೆಯ ಪತ್ರಗಳಲ್ಲಿ ಬಂದಿತು ಎಂಬುದು ಇನ್ನೊಂದು ಬದಿಗೆ. ಹೊಸ ಪತ್ರ ಬಂದಾಗ ಅದರಲ್ಲಿನ ಪದಗಳ ಶಿಲ್ಕು ನೋಡಿ ತೀರ್ಮಾನ ಮಾಡಲಾಗುತ್ತದೆ. ಕನಿಷ್ಠ 200 ಸ್ಪ್ಯಾಮ್ ಮತ್ತು 200 ಒಳ್ಳೆಯ ಪತ್ರಗಳನ್ನು ಕಲಿಯುವವರೆಗೆ ಈ ವಿಭಾಗ ಬಾಯಿ ತೆರೆಯುವುದಿಲ್ಲ.

ತೊಂದರೆ ಆರಂಭವಾಗುವುದು ಎಲ್ಲರ ಖಾತೆಯೂ ಒಂದೇ ಪುಸ್ತಕದಲ್ಲಿ ಬೆರೆತಾಗ. ಊಹೆಯ ಅಂಕಿಗಳಿಂದ ಲೆಕ್ಕ ಮಾಡೋಣ. ನಿಪ್ಪಾಣಿಯ ತಂಬಾಕು ವ್ಯಾಪಾರಿಯ 200 ಒಳ್ಳೆಯ ಪತ್ರಗಳ ಪೈಕಿ 120ರಲ್ಲಿ ‘ತಂಬಾಕು’ ಎಂಬ ಪದವಿದೆ. 200 ಸ್ಪ್ಯಾಮ್‌ಗಳ ಪೈಕಿ 5ರಲ್ಲಿ ಮಾತ್ರ. ಅವರ ಸ್ವಂತ ಪುಸ್ತಕದಲ್ಲಿ ಆ ಪದದ ಸ್ಪ್ಯಾಮ್ ಸಂಭವ ಶೇ. 4. ಈಗ ಅದೇ ಸರ್ವರಿನಲ್ಲಿ ತಂಬಾಕಿಗೆ ಸಂಬಂಧವೇ ಇಲ್ಲದ ಇನ್ನೂ ಒಂಬತ್ತು ಸಂಸ್ಥೆಗಳಿವೆ ಎನ್ನಿ. ಅವರಿಗೆ ಆ ಪದ ಬರುವುದು ‘ತಂಬಾಕು ಬಿಡಿಸುವ ದಿವ್ಯೌಷಧ’ದ ಜಾಹೀರಾತುಗಳಲ್ಲಿ ಮಾತ್ರ, ತಲಾ 200 ಸ್ಪ್ಯಾಮ್‌ಗಳಲ್ಲಿ 40 ಬಾರಿ. ಹತ್ತೂ ಸಂಸ್ಥೆಗಳ ಲೆಕ್ಕ ಬೆರೆಸಿದರೆ 2,000 ಸ್ಪ್ಯಾಮ್‌ಗಳಲ್ಲಿ 365, 2,000 ಒಳ್ಳೆಯ ಪತ್ರಗಳಲ್ಲಿ 120. ಸಂಭವ ಶೇ. 75ಕ್ಕೆ ಏರಿತು! ತಂಬಾಕು ವ್ಯಾಪಾರಿಯ ದರ ವಿಚಾರಣೆಯ ಪತ್ರಗಳು, ಆ ಪದ ನಮೂದಾಗಿರುವ ಸರಕಾರಿ ಪತ್ರಗಳು ಎಲ್ಲವೂ ಒಂದು ಹೆಜ್ಜೆ ಸ್ಪ್ಯಾಮ್ ಪೆಟ್ಟಿಗೆಯ ಕಡೆಗೆ ಸರಿದಂತಾಯಿತು. ಯಾರೂ ತಪ್ಪು ಮಾಡಿಲ್ಲ. ಒಂಬತ್ತು ಜನರ ಸರಿಯಾದ ತೀರ್ಮಾನ ಹತ್ತನೆಯವರಿಗೆ ನಷ್ಟವಾಗಿ ಪರಿಣಮಿಸಿತು.

ಲೆಕ್ಕಗಳು ಹೀಗೆ ಬೆರೆಯುವುದಕ್ಕೆ ಕಾರಣವಿದೆ. ಮೂಲ ವ್ಯವಸ್ಥೆಯಲ್ಲಿ ಬೇಯ್ಸ್ ಪುಸ್ತಕವು ಸರ್ವರಿನ ಆಯಾ ಬಳಕೆದಾರನ ಕಡತಕೋಶದಲ್ಲಿ ಒಂದು ಫೈಲ್ ರೂಪದಲ್ಲಿರುತ್ತದೆ. ಆದರೆ ಹಂಚಿಕೆಯ ಮೇಲ್ ಸರ್ವರುಗಳಲ್ಲಿ ನಮ್ಮ ಅಂಚೆಪೆಟ್ಟಿಗೆಗಳು ಯಂತ್ರದ ದೃಷ್ಟಿಯಲ್ಲಿ ನಿಜವಾದ ಬಳಕೆದಾರರಾಗಿರಬೇಕೆಂದಿಲ್ಲ. ಎಲ್ಲವೂ ಒಂದೇ ಆಂತರಿಕ ಹೆಸರಿನಡಿ ನಡೆಯುತ್ತಿದ್ದರೆ ಎಲ್ಲರಿಗೂ ಒಂದೇ ಫೈಲ್. ಅದರಲ್ಲಿ ಒಂದು ಪ್ರಕ್ರಿಯೆ ಬರೆಯುತ್ತಿರುವಾಗ ಇತರ ಬರಹಗಳು ಕಾಯಬೇಕಾಗುವುದರಿಂದ ಅಂಚೆಯ ಭರಾಟೆ ಹೆಚ್ಚಿದಂತೆ ವಿಳಂಬವೂ ಉಂಟಾಗುತ್ತದೆ.

ಪರಿಹಾರವೆಂದರೆ ಈ ಪುಸ್ತಕವನ್ನು ಮೈಎಸ್‌ಕ್ಯೂಎಲ್‌ನಂಥ ಡೇಟಾಬೇಸಿಗೆ ವರ್ಗಾಯಿಸುವುದು. ಅಲ್ಲಿ ಪ್ರತಿ ಪದದ ನಮೂದಿನೊಂದಿಗೆ ಅದು ಯಾರ ಖಾತೆಗೆ ಸೇರಿದ್ದು ಎಂಬ ಸಂಖ್ಯೆಯೂ ಇರುತ್ತದೆ. ಪತ್ರವನ್ನು ಪರೀಕ್ಷೆಗೆ ಒಪ್ಪಿಸುವಾಗ ಮೇಲ್ ಸರ್ವರು ಸ್ವೀಕರಿಸುವವರ ಪೂರ್ಣ ಇ-ಮೇಲ್ ವಿಳಾಸವನ್ನೂ ತಿಳಿಸಬೇಕು. ಇದೊಂದನ್ನು ಮರೆತರೆ ಡೇಟಾಬೇಸ್ ಇದ್ದೂ ಲೆಕ್ಕ ಮತ್ತೆ ಒಂದೇ ಖಾತೆಗೆ ಜಮಾ ಆಗುತ್ತದೆ. ಇದರ ಜೊತೆಗೆ ‘ಯೂಸರ್‌ಪ್ರೆಫ್’ ಎಂಬ ಕೋಷ್ಟಕವೊಂದುಂಟು: ಬಳಕೆದಾರನ ಹೆಸರು, ಆಯ್ಕೆ, ಮೌಲ್ಯ ಎಂಬ ಮೂರು ಅಂಕಣಗಳು. ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಸಾಲುಗಳನ್ನು ಮೊದಲು ಓದಿ, ನಂತರ ಆಯಾ ವಿಳಾಸದ ಸ್ವಂತ ಸಾಲುಗಳನ್ನು ಓದಲಾಗುವುದರಿಂದ ಸ್ವಂತ ಆಯ್ಕೆಯೇ ಊರ್ಜಿತವಾಗುತ್ತದೆ. ಒಬ್ಬರಿಗೆ ಮಿತಿ 5, ಇನ್ನೊಬ್ಬರಿಗೆ 7 ಎಂದು ಇಡಲು ಅಡ್ಡಿಯಿಲ್ಲ.

ಪ್ರತ್ಯೇಕ ಖಾತೆಯಲ್ಲೂ ಒಂದು ಕೊರತೆಯುಂಟು. ದಿನಕ್ಕೆ ನಾಲ್ಕಾರು ಪತ್ರ ಬರುವ ಅಂಗಡಿಗೆ 200ರ ಸಂಖ್ಯೆ ತುಂಬಲು ತಿಂಗಳುಗಳೇ ಬೇಕು. ಅದಕ್ಕೆ ಮಧ್ಯಮ ಮಾರ್ಗವೇ ಲೇಸೆಂಬುದು ನನ್ನ ಅಭಿಪ್ರಾಯ: ಮಾಲೀಕರು, ಲೆಕ್ಕದ ವಿಭಾಗ, ರವಾನೆ ವಿಭಾಗ ಹೀಗೆ ಒಂದು ಸಂಸ್ಥೆಯ ಎಲ್ಲ ವಿಳಾಸಗಳಿಗೂ ಒಂದೇ ಖಾತೆ. ಡೇಟಾಬೇಸಿನಲ್ಲಿ ಇಂಥ ಗುಂಪು ಖಾತೆಗೆ ಅವಕಾಶವಿದೆ.

ಸಾಮಾನ್ಯ ಬಾಡಿಗೆ ಸೇವೆಯಲ್ಲಿ ಇದಾವುದನ್ನೂ ನಾವೇ ಮಾಡಿಕೊಳ್ಳಲಾಗದು. ನಿಯಂತ್ರಣ ಫಲಕದಲ್ಲಿ ಸಿಗುವುದು ಮಿತಿಯ ಅಂಕ ಮತ್ತು ವಿಳಾಸಗಳ ಪಟ್ಟಿ ಇಷ್ಟೇ. ಆದರೆ ನವೀಕರಣದ ಹಣ ಕಟ್ಟುವ ಮುನ್ನ ಪ್ರಶ್ನೆ ಕೇಳಲು ಅಡ್ಡಿಯೇನು? ಬೇಯ್ಸ್ ದತ್ತಾಂಶ ನಮ್ಮ ಸಂಸ್ಥೆಗೆ ಪ್ರತ್ಯೇಕವಾಗಿದೆಯೇ, ಅದರ ಬ್ಯಾಕಪ್ ಇದೆಯೇ, ತಂತ್ರಾಂಶ 4.0 ಅಥವಾ ನಂತರದ ಆವೃತ್ತಿಯೇ? ಕೊನೆಯ ಪ್ರಶ್ನೆ ನಮಗೆ ವಿಶೇಷವಾಗಿ ಮುಖ್ಯ, ಏಕೆಂದರೆ 2022ರ ಡಿಸೆಂಬರಿನಲ್ಲಿ ಬಂದ ಆ ಆವೃತ್ತಿಯಲ್ಲಿ ಇಂಗ್ಲಿಷೇತರ ಭಾಷೆಗಳ ನಿರ್ವಹಣೆ ಗಣನೀಯವಾಗಿ ಸುಧಾರಿಸಿದೆ. ನಮ್ಮ ಪತ್ರವ್ಯವಹಾರವೋ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ನಡೆಯುವಂಥದ್ದು. ನಾಲ್ಕಾರು ಸದಸ್ಯರು ಕೂಡಿ ಸ್ವತಂತ್ರ ಸರ್ವರ್ ಬಾಡಿಗೆಗೆ ಪಡೆದರೆ, ಅನುಭವಿ ತಂತ್ರಜ್ಞರಿಂದ ಮೇಲ್ಕಂಡ ಏರ್ಪಾಟನ್ನು ಮಾಡಿಸಿಕೊಳ್ಳಬಹುದು.

ಸ್ಪ್ಯಾಮ್ ಎಂದು ಗುರುತಿಸಿದ ಪತ್ರವನ್ನು ತಾನಾಗಿಯೇ ಅಳಿಸಿಹಾಕುವ ಸೌಲಭ್ಯವನ್ನು ದಯವಿಟ್ಟು ಯಾರೂ ಬಳಸಬೇಡಿ. ನನ್ನ ಕಕ್ಷಿದಾರರಿಗೆ ಆ ನೋಟೀಸು 41ನೆಯ ದಿನಕ್ಕಾದರೂ ಸಿಕ್ಕಿದ್ದು ಈ ಸೌಲಭ್ಯ ಚಾಲನೆಯಲ್ಲಿ ಇರದಿದ್ದುದರಿಂದ. ಪತ್ರಗಳು ಪ್ರತ್ಯೇಕ ಪೆಟ್ಟಿಗೆಗೆ ಹೋಗಲಿ. ಗುಮಾಸ್ತರು ಪ್ರತಿದಿನ ಅದನ್ನು ನೋಡಿ, ತಪ್ಪಿ ಬಿದ್ದದ್ದನ್ನು ‘ಸ್ಪ್ಯಾಮ್ ಅಲ್ಲ’ ಎಂದು ಗುರುತಿಸಲಿ. ಆ ಗುರುತು ಬೇಯ್ಸ್ ಖಾತೆಗೆ ತಲುಪುವ ಏರ್ಪಾಟು ಇದೆಯೇ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ. ತಂತ್ರಾಂಶ ತಾನಾಗಿಯೂ ಕಲಿಯುತ್ತದೆ, ನಿಜ. ಆದರೆ ಯಾರೂ ತಿದ್ದದ ಸ್ವಯಂ ಕಲಿಕೆಯೆಂದರೆ ಪರಿಶೋಧನೆಯೇ ಇಲ್ಲದ ಲೆಕ್ಕಪತ್ರ.

ಜಿಎಸ್‌ಟಿ, ಆದಾಯ ತೆರಿಗೆ, ಬ್ಯಾಂಕು ಹಾಗೂ ಖಾಯಂ ಗಿರಾಕಿಗಳ ವಿಳಾಸಗಳನ್ನು ಸ್ವೀಕೃತ ಪಟ್ಟಿಗೆ ಸೇರಿಸುವುದು ಒಳ್ಳೆಯದೇ. ಆದರೆ ಬರೀ ಹೆಸರು ನೋಡಿ ಒಳಬಿಡುವ ಪಟ್ಟಿ ಅಪಾಯಕಾರಿ, ಏಕೆಂದರೆ ಕಳುಹಿಸುವವರ ವಿಳಾಸವನ್ನು ನಕಲು ಮಾಡುವುದು ಲಕೋಟೆಯ ಮೇಲೆ ಸುಳ್ಳು ಹೆಸರು ಬರೆದಷ್ಟೇ ಸುಲಭ. ಎಸ್‌ಪಿಎಫ್ ಅಥವಾ ಡಿಕೆಐಎಂ ಎಂಬ ದೃಢೀಕರಣ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಾತ್ರ ರಿಯಾಯಿತಿ ಕೊಡುವ ಪಟ್ಟಿಯೂ ಸ್ಪ್ಯಾಮ್ ಅಸ್ಯಾಸಿನ್‌ನಲ್ಲಿದೆ. ಅದನ್ನೇ ಕೇಳಿ ಪಡೆಯಿರಿ. ಇಷ್ಟಾದರೂ, ಗಿರಾಕಿಯ ಇ-ಮೇಲ್ ಪೆಟ್ಟಿಗೆಯೇ ವಂಚಕರ ಕೈಸೇರಿದ್ದರೆ ಯಾವ ಜರಡಿಯೂ ಹಿಡಿಯಲಾರದು. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಪತ್ರ ಬಂದಾಗ, ಹಳೆಯ ಬಿಲ್ಲಿನಲ್ಲಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಂಡ ನಂತರವೇ ಹಣ ಕಳುಹಿಸತಕ್ಕದ್ದು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ದೂರು ನೀಡಬೇಕು.

ಇನ್ನೊಂದು ವಿಷಯ. 2017ರಲ್ಲಿ ಜಿಎಸ್‌ಟಿಗೆ ಬದಲಾಗುವ ಅವಸರದಲ್ಲಿ ಅನೇಕರು ತಮ್ಮ ಇ-ಮೇಲ್ ಬದಲಿಗೆ ಗುಮಾಸ್ತರದೋ ತೆರಿಗೆ ಸಲಹೆಗಾರರದೋ ವಿಳಾಸ ಕೊಟ್ಟಿದ್ದರು. ಆ ಗುಮಾಸ್ತರು ಕೆಲಸ ಬಿಟ್ಟು ವರ್ಷಗಳೇ ಕಳೆದಿದ್ದರೂ ನೋಟೀಸುಗಳು ಅವರಿಗೇ ಹೋಗುತ್ತಿರುತ್ತವೆ. ಪೋರ್ಟಲಿಗೆ ಪ್ರವೇಶಿಸಿ, ನೋಂದಣಿ ತಿದ್ದುಪಡಿಯ ‘ನಾನ್-ಕೋರ್’ ವಿಭಾಗದಲ್ಲಿ ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆಯನ್ನು ಬದಲಾಯಿಸಬಹುದು. ಇದಕ್ಕೆ ಅಧಿಕಾರಿಯ ಅನುಮೋದನೆ ಬೇಕಾಗಿಲ್ಲ. ಜರಡಿಯ ವಿಚಾರ ಆನಂತರವಾಗಲಿ, ಮೊದಲು ಈ ವಿಳಾಸವನ್ನು ನೋಡಿಕೊಳ್ಳಿ.